ಅಡುಗೆಮನೆಯಿಂದ ಎದ್ದ ನಿಧಿ: ಮಿಜೋರಾಂ ಸಭೆಗಳ ಹಿಡಿ ಅಕ್ಕಿ

ಮಿಜೋರಾಂನಲ್ಲಿ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಮನೆಯಾಕೆಗೆ ಇನ್ನೊಂದು ಸಣ್ಣ ಕೆಲಸ ಇರುತ್ತದೆ. ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಪಕ್ಕದ ಡಬ್ಬಿಗೆ ಹಾಕುವುದು. ಅಲ್ಲಿನವರು ಹಳೆಯ ರೂಢಿಯಂತೆ ದಿನಕ್ಕೆ ಎರಡು ಸಲ ಅನ್ನದ ಊಟ ಮಾಡುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಬೇಗನೆ ಇನ್ನೊಂದು. ಹಾಗಾಗಿ ದಿನಕ್ಕೆ ಎರಡು ಹಿಡಿ. ಗೊತ್ತುಮಾಡಿದ ದಿನ ಊರಿನ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಮಹಿಳಾ ಸಂಘದವರು ಮನೆಮನೆಗೆ ಬಂದು ಡಬ್ಬಿಯ ಅಕ್ಕಿಯನ್ನು ಚೀಲಕ್ಕೆ ಸುರಿದುಕೊಂಡು ಹೋಗುತ್ತಾರೆ. ಒಟ್ಟಾದ ಅಕ್ಕಿಯನ್ನು ಮಾರುತ್ತಾರೆ. ಬಂದ ಹಣ ಸಭೆಯ ಕೆಲಸಕ್ಕೆ ಹೋಗುತ್ತದೆ.

ಇದನ್ನು ಮಿಜೋ ಭಾಷೆಯಲ್ಲಿ ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಒಂದು ಹಿಡಿ ಅಕ್ಕಿ, ಅಷ್ಟೇ. ಶುರುವಾಗಿ 100 ವರ್ಷ ದಾಟಿದೆ, ಇವತ್ತಿಗೂ ನಡೆಯುತ್ತಿದೆ.

ಸಣ್ಣ ಸಭೆಗಳು, ಭಜನಾ ಮಂಡಳಿಗಳು, ಯುವಕ ಸಂಘಗಳು, ಮಹಿಳಾ ಮಂಡಲಗಳು ದುಡ್ಡು ಹೇಗೆ ಕೂಡಿಸಬೇಕು ಅನ್ನುವ ಚರ್ಚೆ ಬಂದಾಗಲೆಲ್ಲ ನನಗೆ ಈ ಪ್ರಕರಣವೇ ನೆನಪಾಗುತ್ತದೆ. ಬಂಡವಾಳ ಇಲ್ಲದೆ, ಪ್ರಚಾರ ಇಲ್ಲದೆ, ದೊಡ್ಡ ದಾನಿಗಳಿಲ್ಲದೆ ಇಷ್ಟು ದೀರ್ಘ ಕಾಲ ನಿಂತ ಇನ್ನೊಂದು ಉದಾಹರಣೆ ನಮ್ಮ ದೇಶದಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಊರು, ಕಾಲ, ಜನ

1894ರ ಜನವರಿ 11ರಂದು ಲೊರೈನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಇಂಗ್ಲಿಷ್ ಮಿಷನರಿಗಳು ದೋಣಿಯಲ್ಲಿ ಬಂದು ಸೈರಾಂಗ್‌ನಲ್ಲಿ ಇಳಿದರು. 2025ರಲ್ಲಿ ರೈಲು ಬಂತಲ್ಲ, ಅದೇ ಸೈರಾಂಗ್. ಆಗ ಆ ನಾಡಿನ ಹೆಸರು ಲುಶಾಯ್ ಹಿಲ್ಸ್. ಇಬ್ಬರೂ ಮಿಜೋ ಭಾಷೆಗೆ ರೋಮನ್ ಅಕ್ಷರದ ಲಿಪಿ ಕೂಡಿಸಿಕೊಟ್ಟರು. 1897ರಲ್ಲಿ ವೇಲ್ಸ್‌ನ ಮಿಷನ್ ಕಡೆಯಿಂದ ಡಿ.ಇ. ಜೋನ್ಸ್ ಬಂದರು. ಐಜ್ವಾಲ್ ಸುತ್ತಮುತ್ತ ಇವತ್ತು ಇರುವ ಪ್ರೆಸ್ಬಿಟೇರಿಯನ್ ಪಂಗಡದ ಸಭೆಗಳ ಬೇರು ಅಲ್ಲಿದೆ. ದಕ್ಷಿಣದ ಲುಂಗ್ಲೆಯ್ ಕಡೆ ಬ್ಯಾಪ್ಟಿಸ್ಟ್ ಸಭೆ ಬೆಳೆಯಿತು. 2011ರ ಜನಗಣತಿಯ ಪ್ರಕಾರ ಮಿಜೋರಾಂನ ಜನಸಂಖ್ಯೆ ಸುಮಾರು 11 ಲಕ್ಷ. ಅದರಲ್ಲಿ 87 ಶೇಕಡಾ ಕ್ರೈಸ್ತರು.

ಹಿಡಿ ಅಕ್ಕಿ ಶುರುವಾದದ್ದು 1910ರ ಆಸುಪಾಸಿನಲ್ಲಿ. ಆ ಕಾಲವನ್ನು ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಬೆಟ್ಟದ ಇಳಿಜಾರಿನಲ್ಲಿ ಕಾಡು ಕಡಿದು, ಸುಟ್ಟು, ಬತ್ತ ಬಿತ್ತುವ ಬೇಸಾಯ. ಪೇಟೆ ದೂರ. ಕೈಯಲ್ಲಿ ರೊಕ್ಕ ಓಡಾಡುವುದೇ ಕಡಿಮೆ. ಅದರಲ್ಲೂ ಹೆಂಗಸರ ಕೈಯಲ್ಲಿ ಒಂದು ಕಾಸೂ ಇಲ್ಲ. ಭಾನುವಾರ ಕಾಣಿಕೆ ಚೀಲ ಹತ್ತಿರ ಬಂದರೆ ಹಾಕುವುದೇನನ್ನು? ಆದರೆ ಅದೇ ಹೆಂಗಸು ನೀರು ಹೊರುತ್ತಿದ್ದಳು, ಸೌದೆ ತರುತ್ತಿದ್ದಳು, ಬತ್ತ ಕುಟ್ಟುತ್ತಿದ್ದಳು. ಮನೆಯಲ್ಲಿ ಎಷ್ಟು ಅಕ್ಕಿ ಬೇಯಬೇಕು ಅನ್ನುವುದು ಅವಳ ಕೈಯಲ್ಲೇ ಇತ್ತು. ಅವಳು ಯಾರನ್ನೂ ಕೇಳದೆ ಕೊಡಬಹುದಾದದ್ದು ಅದೊಂದೇ. ಅದನ್ನೇ ಕೊಟ್ಟಳು. ಕಾಡಿನಿಂದ ತಂದ ಸೌದೆ ಹೊರೆಯಿಂದ ಒಂದು ತುಂಡು ಸಭೆಗೆಂದು ತೆಗೆದಿಡುವ ರೂಢಿಯೂ ಇತ್ತು.

ಬೈಬಲ್ ಓದಿದವರಿಗೆ ಇಲ್ಲಿ ಎಲೀಯನ ಕಾಲದ ವಿಧವೆ ನೆನಪಾಗುತ್ತಾಳೆ. ಮಡಕೆಯಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು, ಅದರಲ್ಲೇ ಪ್ರವಾದಿಗೂ ರೊಟ್ಟಿ ಮಾಡಿಕೊಟ್ಟಳು. ಮಿಜೋ ಹೆಂಗಸರಿಗೆ ಆ ಕತೆ ದೂರದ ದೇಶದ್ದು ಅಂತ ಅನ್ನಿಸಿರಲಿಕ್ಕಿಲ್ಲ.

ಮೊದಮೊದಲು ಈ ಹಣ ಹಳ್ಳಿಹಳ್ಳಿ ಸುತ್ತಿ ಬೋಧಿಸುವ ಹೆಂಗಸರ ಖರ್ಚಿಗೆ ಒದಗಿತು. ಅಂದರೆ ಹೆಂಗಸರು ಕೂಡಿಸಿದ್ದು ಹೆಂಗಸರ ಕೆಲಸಕ್ಕೇ ಹೋಯಿತು. ಆಮೇಲೆ ಅದು ಸಭೆಯ ಒಟ್ಟು ಸುವಾರ್ತಾ ಕೆಲಸಕ್ಕೆ, ಅಂದರೆ ಧರ್ಮ ಬೋಧನೆಯ ಕೆಲಸಕ್ಕೆ, ಆಸರೆಯಾಯಿತು. ಇವತ್ತು ಮಿಜೋರಾಂ ಪ್ರೆಸ್ಬಿಟೇರಿಯನ್ ಸಭೆ ಬೇರೆ ರಾಜ್ಯಗಳಲ್ಲಿ ನೂರಾರು ಸೇವಕರನ್ನು ಇಟ್ಟು ಸಾಕುತ್ತಿದೆ. ಅದರಲ್ಲಿ ದಶಮಾಂಶದ, ಅಂದರೆ ಆದಾಯದ ಹತ್ತರಲ್ಲೊಂದನ್ನು ಕೊಡುವ ಕಾಣಿಕೆಯ, ಪಾಲು ದೊಡ್ಡದು, ನಿಜ. ಆದರೆ ಹಿಡಿ ಅಕ್ಕಿ ಬಿಟ್ಟು ಆ ಲೆಕ್ಕ ಕೂಡುವುದಿಲ್ಲ.

ಇನ್ನೊಂದು ಮಾತು. ಈ ಪದ್ಧತಿ ಇನ್ನೂ ಎಳೆಯದಿರುವಾಗಲೇ, 1911-12ರಲ್ಲಿ, ಮಿಜೋ ನಾಡಿಗೆ ದೊಡ್ಡ ಬರ ಬಂತು. ಅಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಬಿದಿರು ಒಟ್ಟಿಗೆ ಹೂ ಬಿಡುತ್ತದೆ. ಬಿದಿರಿನ ಬೀಜ ತಿಂದು ಇಲಿಗಳು ವಿಪರೀತ ಹೆಚ್ಚುತ್ತವೆ. ಬೀಜ ಮುಗಿದ ಮೇಲೆ ಗದ್ದೆಗೆ, ಕಣಜಕ್ಕೆ ಬೀಳುತ್ತವೆ. ಇದನ್ನು ಅವರು ಮೌತಾಮ್ ಅನ್ನುತ್ತಾರೆ. 1959ರಲ್ಲಿ ಮತ್ತೆ ಬಂತು, 2007ರ ಸುಮಾರಿಗೆ ಮತ್ತೊಮ್ಮೆ. ನಡುವೆ 1966ರಿಂದ 1986ರವರೆಗೆ 20 ವರ್ಷದ ಬಂಡಾಯ, ಸೇನಾ ಕಾರ್ಯಾಚರಣೆ, ಹಳ್ಳಿಗಳನ್ನೇ ಎಬ್ಬಿಸಿ ಬೇರೆಡೆ ಕೂಡಿಹಾಕಿದ ದಿನಗಳು. ಹೊಟ್ಟೆಗೇ ಕಷ್ಟವಾದ ಇಂಥ ಕಾಲಗಳನ್ನೆಲ್ಲ ದಾಟಿ ಉಳಿದದ್ದು ಒಂದು ಅಕ್ಕಿಯ ದಾನ. ಸುಲಭದ ಕಾಲದಲ್ಲಿ ಹುಟ್ಟಿದ ಪದ್ಧತಿ ಇದಲ್ಲ.

ಲೆಕ್ಕ ಹಾಕಿ ನೋಡೋಣ

ಒಂದು ಹಿಡಿ ಅಂದರೆ ಸುಮಾರು 40 ಗ್ರಾಂ ಅಂತ ಇಟ್ಟುಕೊಳ್ಳಿ. ದಿನಕ್ಕೆ ಎರಡು ಹಿಡಿಯಾದರೆ 80 ಗ್ರಾಂ. ವರ್ಷಕ್ಕೆ 29 ಕಿಲೋ ಚಿಲ್ಲರೆ. ಕಿಲೋಗೆ 45 ರೂಪಾಯಿಯಂತೆ ಮಾರಿದರೆ ಒಂದು ಮನೆಯಿಂದ ವರ್ಷಕ್ಕೆ ಸುಮಾರು 1,300 ರೂಪಾಯಿ. 60 ಮನೆಗಳ ಸಭೆ ಆದರೆ 78,000 ದಾಟುತ್ತದೆ. ಮರೆತ ದಿನಗಳು, ಊರಿಗೆ ಹೋದ ದಿನಗಳು, ಕೊಡದ ಮನೆಗಳು ಎಲ್ಲ ಸೇರಿ ಮೂರರಲ್ಲಿ ಒಂದು ಪಾಲು ಕಳೆದರೂ 52,000 ಉಳಿಯುತ್ತದೆ.

ಇದು ನಾನು ಹಾಕಿದ ಅಂದಾಜು, ಮಿಜೋರಾಂನ ಲೆಕ್ಕಪತ್ರ ಅಲ್ಲ. ಆದರೆ ಇದರಲ್ಲಿ ಒಂದು ವಿಷಯ ಸ್ಪಷ್ಟ. 52,000 ರೂಪಾಯಿ ಬಂತು, ಖರ್ಚು ಎಷ್ಟು? ನಾಲ್ಕು ಗೋಣಿಚೀಲ, ಒಂದು ತೂಕದ ತಕ್ಕಡಿ, ಒಂದು ಲೆಕ್ಕದ ಪುಸ್ತಕ. ಅದೇ ಸಭೆ ಒಂದು ಆಹಾರ ಮೇಳ ಮಾಡಿ 52,000 ಉಳಿಸಲಿ ನೋಡೋಣ. ಶಾಮಿಯಾನ, ಗ್ಯಾಸ್, ಪಾತ್ರೆ ಬಾಡಿಗೆ, ಮೈಕ್, ಎಲೆ, ತಟ್ಟೆ ಎಲ್ಲ ಕಳೆದು ಉಳಿಯುವುದು ಎಷ್ಟು ಅಂತ ಅದನ್ನು ಮಾಡಿದವರಿಗೆ ಗೊತ್ತು. ಆ ದಿನ ಮಳೆ ಬಂದರೆ ಅದೂ ಇಲ್ಲ. ಮೇಳದಲ್ಲಿ ದುಡಿದು ಸುಸ್ತಾಗುವವರು ಯಾರು? ಅದೇ 10-12 ಮಂದಿ, ಪ್ರತಿ ವರ್ಷ ಅವರೇ.

ಈಗ ಅದೇ 60 ಮನೆಗಳಿಗೆ ಹೋಗಿ "ವರ್ಷಕ್ಕೆ 1,300 ರೂಪಾಯಿ ಕೊಡಿ" ಅಂತ ಕೇಳಿ. ಕೂಲಿಗೆ ಹೋಗುವ ಮನೆಯವರು ತಲೆ ತಗ್ಗಿಸುತ್ತಾರೆ. "ಮುಂದಿನ ತಿಂಗಳು ನೋಡೋಣ" ಅನ್ನುತ್ತಾರೆ. ಹಿಡಿ ಅಕ್ಕಿಯಲ್ಲಿ ಈ ಮುಜುಗರ ಇಲ್ಲ. ಐದು ಜನರ ಮನೆಯ ಅನ್ನದ ಪಾತ್ರೆಯಲ್ಲಿ ಒಂದು ಹಿಡಿ ಕಡಿಮೆಯಾದರೆ ಯಾರ ಹೊಟ್ಟೆಗೂ ಅದು ಗೊತ್ತಾಗುವುದಿಲ್ಲ. ಬಡ ಮನೆ, ಅನುಕೂಲಸ್ಥರ ಮನೆ, ಇಬ್ಬರದ್ದೂ ಒಂದೇ ಹಿಡಿ. ದಾನಿಗಳ ಪಟ್ಟಿಯಲ್ಲಿ ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ನನಗೆ ಈ ಪದ್ಧತಿಯಲ್ಲಿ ತುಂಬ ಇಷ್ಟವಾಗುವುದು ಇದೇ.

ಯಾಕೆ ಉಳಿದು ನಿಂತಿತು?

ಸುಮ್ನೆ ಭಕ್ತಿಯಿಂದ ನಿಂತಿತು ಅಂದರೆ ಅರ್ಧ ಉತ್ತರ. ಭಕ್ತಿ ಎಲ್ಲ ಕಡೆ ಇದೆ, ನೂರು ವರ್ಷ ನಿಂತ ನಿಧಿ ಎಲ್ಲ ಕಡೆ ಇಲ್ಲ ಅಲ್ವಾ?

ಕೇಳುವ ಹೊತ್ತನ್ನು ಗಮನಿಸಿ. ಸಂಬಳ ಬಂದಾಗ ಕೇಳಿದರೆ ಸಾಲಗಾರ ಮುಂದೆ ನಿಂತಿರುತ್ತಾನೆ. ಹಬ್ಬದಲ್ಲಿ ಕೇಳಿದರೆ ಬಟ್ಟೆ, ನೆಂಟರು, ಬಸ್ ಚಾರ್ಜು. ಇಲ್ಲಿ ಕೊಡುವ ಹೊತ್ತು ಅಕ್ಕಿ ಅಳೆಯುವ ಹೊತ್ತು. ಅಂದರೆ ಮನೆಯಲ್ಲಿ ಆ ಹೊತ್ತಿಗೆ ಊಟಕ್ಕೆ ಇದೆ ಅನ್ನುವುದು ಖಾತ್ರಿ. ಇದ್ದಾಗ ಮಾತ್ರ ಕೊಡುವ ಏರ್ಪಾಡು ಇದು. ಒಲೆ ಉರಿಯದ ದಿನ ಹಿಡಿಯೂ ಇಲ್ಲ, ಬಾಕಿಯೂ ಇಲ್ಲ. ಮಾಸಿಕ ಚಂದಾ ಹಾಗಲ್ಲ. ಎರಡು ತಿಂಗಳು ತಪ್ಪಿದರೆ ಬಾಕಿ ಬೆಳೆಯುತ್ತದೆ, ಬಾಕಿ ಬೆಳೆದವರು ನಿಧಾನವಾಗಿ ಸಭೆಗೆ ಬರುವುದನ್ನೇ ಬಿಡುತ್ತಾರೆ. ಎಷ್ಟೋ ಸಣ್ಣ ಸಂಘಗಳು ಜನರನ್ನು ಕಳೆದುಕೊಂಡದ್ದು ಹೀಗೇ.

ಎರಡನೆಯದು ಕೂಡಿಸುವವರು. ಮನೆಗೆ ಬರುವವಳು ಅದೇ ಬೀದಿಯವಳು. ಅವಳೂ ತನ್ನ ಮನೆಯಲ್ಲಿ ಹಿಡಿ ತೆಗೆದಿಟ್ಟೇ ಬಂದವಳು. ಅಕ್ಕಿ ಸುರಿದುಕೊಳ್ಳುವ ನೆಪದಲ್ಲಿ ನಾಲ್ಕು ಮಾತು ಆಗುತ್ತದೆ. ಯಾರಿಗೆ ಜ್ವರ, ಯಾರ ಮಗ ಪರೀಕ್ಷೆಯಲ್ಲಿ ಪಾಸಾದ, ಯಾರ ಮನೆಯಲ್ಲಿ ಈ ವಾರ ಡಬ್ಬಿ ಖಾಲಿ. ಖಾಲಿ ಡಬ್ಬಿ ಕಂಡರೆ ಒಳ್ಳೆಯ ಸಂಘದವರಿಗೆ ಅದು ದೂರಲು ಕಾರಣವಲ್ಲ, ವಿಚಾರಿಸಿಕೊಳ್ಳಲು ಕಾರಣ. ಸಭಾಪಾಲಕರಿಗೆ ತಲುಪದ ಸುದ್ದಿ ಈ ಚೀಲದ ಜೊತೆ ತಲುಪುತ್ತದೆ.

ಮಿಜೋ ಸಮಾಜದಲ್ಲಿ ಇದಕ್ಕೆ ನೆಲ ಹದವಾಗಿತ್ತು ಅನ್ನುವುದನ್ನೂ ಹೇಳಲೇಬೇಕು. ತನಗಿಂತ ಮೊದಲು ಬೇರೆಯವರಿಗೆ ಅನ್ನುವ ನಡತೆಯನ್ನು ಅವರು ತ್ಲಾಮ್‌ಙೈಹ್ನಾ ಅನ್ನುತ್ತಾರೆ, ಮಕ್ಕಳಿಗೆ ಚಿಕ್ಕಂದಿನಿಂದ ಅದನ್ನು ಕಲಿಸುತ್ತಾರೆ. 1935ರಲ್ಲಿ ಹುಟ್ಟಿದ ಯಂಗ್ ಮಿಜೋ ಅಸೋಸಿಯೇಷನ್ ಊರೂರಿನಲ್ಲಿ ಸತ್ತವರಿಗೆ ಗುಂಡಿ ತೋಡುವುದರಿಂದ ರಸ್ತೆ ಸರಿಮಾಡುವವರೆಗೆ ಜನರನ್ನು ಸಂಬಳವಿಲ್ಲದ ಕೆಲಸಕ್ಕೆ ಸೇರಿಸುತ್ತದೆ. ಐಜ್ವಾಲ್‌ನಿಂದ ಸೆಲಿಂಗ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮಾರುವವರೇ ಇಲ್ಲದ ತರಕಾರಿ ಅಂಗಡಿಗಳಿವೆ. ಬೆಲೆ ಬರೆದಿರುತ್ತದೆ, ದುಡ್ಡು ಹಾಕಲು ಡಬ್ಬಿ ಇರುತ್ತದೆ, ರೈತ ತೋಟದಲ್ಲಿರುತ್ತಾನೆ. ಇಂಥ ನಂಬಿಕೆ ಇರುವಲ್ಲಿ ಹಿಡಿ ಅಕ್ಕಿ ಬೇಗ ಬೇರು ಬಿಡುತ್ತದೆ. ಹಾಗಂತ ಬೇರೆ ಕಡೆ ಆಗುವುದೇ ಇಲ್ಲ ಅಂತಲ್ಲ. ಕೊರಿಯಾದ ಸಭೆಗಳಲ್ಲೂ ಅಡುಗೆಗೆ ಮುಂಚೆ ಸ್ವಲ್ಪ ಅಕ್ಕಿ ತೆಗೆದಿಡುವ ಪದ್ಧತಿ ಇತ್ತು. ಅದಕ್ಕೆ ಸಂಗ್ಮಿ ಅನ್ನುತ್ತಾರೆ.

ಮೂರನೆಯ ಕಾರಣ ಹಣದ ದಾರಿ. ಮಿಜೋರಾಂ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಕೊಡುವವನೇ ತನ್ನ ಕಾಣಿಕೆ ಯಾವುದಕ್ಕೆ ಅಂತ ಹೇಳುತ್ತಾನೆ. ಒಟ್ಟು ಸಭೆಯ ಕೆಲಸಕ್ಕೆ, ಹೊರಗಿನ ಸುವಾರ್ತಾ ಕೆಲಸಕ್ಕೆ, ಸ್ಥಳೀಯ ಸಭೆಗೆ ಅಂತ ಬೇರೆ ಬೇರೆ ತಲೆಬರಹ. ತನ್ನ ಹಿಡಿ ಎಲ್ಲಿಗೆ ಹೋಯಿತು ಅಂತ ಗೊತ್ತಿದ್ದವಳು ನಾಳೆಯೂ ಹಿಡಿ ತೆಗೆಯುತ್ತಾಳೆ.

ಹೊರಗಿನ ಹಣ ನಿಂತಾಗ

1968ರ ಹೊತ್ತಿಗೆ ವೇಲ್ಸ್‌ನ ಮಿಷನರಿಗಳು ಮಿಜೋರಾಂ ಬಿಟ್ಟು ಹೋಗಬೇಕಾಯಿತು. ಬಂಡಾಯದ ಕಾಲ, ಹೊರದೇಶದವರಿಗೆ ಅಲ್ಲಿ ಇರಲು ಅವಕಾಶ ಇರಲಿಲ್ಲ. ಶಾಲೆಗಳು, ದುರ್ತ್‌ಲಾಂಗ್‌ನಲ್ಲಿ 1928ರಿಂದ ನಡೆಯುತ್ತಿದ್ದ ಆಸ್ಪತ್ರೆ ಎಲ್ಲ ಸ್ಥಳೀಯರ ಹೆಗಲಿಗೆ ಬಂತು. ಸಭೆ ಕುಸಿಯಲಿಲ್ಲ. ಕೊಡುವ ಅಭ್ಯಾಸ ಅಷ್ಟರಲ್ಲಿ ಎರಡು ತಲೆಮಾರಿನಷ್ಟು ಹಳೆಯದಾಗಿತ್ತು.

ನಮ್ಮ ಕರಾವಳಿಯ ಕತೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಜಾತಿ ಬಿಟ್ಟು ಬಂದವರಿಗೆ ಕೆಲಸ ಬೇಕು ಅಂತ ನೇಯ್ಗೆ, ಅಚ್ಚುಕೂಟ, 1865ರಲ್ಲಿ ಹೆಂಚಿನ ಕಾರ್ಖಾನೆ. ಒಳ್ಳೆಯ ಕೆಲಸವೇ. ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು, ಮಂಗಳೂರು ಹೆಂಚು ಜಗತ್ತಿಗೆಲ್ಲ ಹೋಯಿತು. ಆದರೆ ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧಿಸಿದರು, ಕಾರ್ಖಾನೆಗಳು ಕೈತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಕೆಲಸ, ಸಭೆ, ಶಾಲೆ ಎಲ್ಲವೂ ಒಂದೇ ಕಂಬಕ್ಕೆ ಕಟ್ಟಿದ್ದರಿಂದ ಆ ಪೆಟ್ಟು ಜೋರಾಗಿ ಬಿತ್ತು. ಹೆಂಚಿನ ಕಾರ್ಖಾನೆಯನ್ನು ಒಂದು ಆದೇಶದಿಂದ ವಶ ಮಾಡಿಕೊಳ್ಳಬಹುದು. ಸಾವಿರ ಅಡುಗೆಮನೆಗಳ ಸಾವಿರ ಡಬ್ಬಿಗಳನ್ನು ಹಾಗೆ ವಶ ಮಾಡಿಕೊಳ್ಳಲು ಆಗುವುದಿಲ್ಲ.

ಕೊರತೆಗಳು

ಹೊಗಳಿ ಮುಗಿಸಿದರೆ ಆ ಹೆಂಗಸರಿಗೇ ಅನ್ಯಾಯ ಮಾಡಿದ ಹಾಗೆ. ಹಿಡಿ ಅಕ್ಕಿಯಿಂದ ಸಭೆಯನ್ನು ಸಾಕಿದ ಹೆಂಗಸರಿಗೆ ಅದೇ ಸಭೆಯಲ್ಲಿ ದಶಕಗಳ ಕಾಲ ಪಾದ್ರಿ ದೀಕ್ಷೆ ಸಿಗಲಿಲ್ಲ. ದೊಡ್ಡ ತೀರ್ಮಾನಗಳ ಕುರ್ಚಿಯಲ್ಲಿ ಕೂತವರು ಬಹುಪಾಲು ಗಂಡಸರು. ದುಡ್ಡು ಕೂಡಿಸಲು ಬೇಕು, ಖರ್ಚು ತೀರ್ಮಾನಿಸಲು ಬೇಡ ಅನ್ನುವುದು ಸರಿಯಲ್ಲ. ಇದು ಮಿಜೋರಾಂನದ್ದೊಂದೇ ಕಾಯಿಲೆಯೂ ಅಲ್ಲ. ನಮ್ಮ ಎಷ್ಟು ಸಭೆಗಳಲ್ಲಿ ಮೇಳಕ್ಕೆ ಅಡುಗೆ ಹೆಂಗಸರದ್ದು, ಬಜೆಟ್ ಗಂಡಸರದ್ದು?

ಒತ್ತಡದ ಮಾತೂ ಇದೆ. ಎಲ್ಲರೂ ಕೊಡುವ ಊರಿನಲ್ಲಿ ಕೊಡದಿರುವುದು ಕಷ್ಟ. ಸಣ್ಣ ಜಾಗದಲ್ಲಿ ಯಾರ ಡಬ್ಬಿ ತುಂಬಿದೆ ಅನ್ನುವುದು ಬೇಗ ಗೊತ್ತಾಗುತ್ತದೆ. ಮನೆಮನೆಯ ತೂಕವನ್ನು ಬಹಿರಂಗವಾಗಿ ಓದುವ ಅಭ್ಯಾಸ ಯಾರೇ ಶುರುಮಾಡಿದರೂ ಆ ದಿನವೇ ಈ ಪದ್ಧತಿಯ ಒಳ್ಳೆಯತನ ಹೋಯಿತು ಅಂತ ನನ್ನ ಅಭಿಪ್ರಾಯ. ಒಟ್ಟು ತೂಕ ಓದಿ, ಮನೆಯ ತೂಕ ಬೇಡ.

ಇನ್ನೊಂದು, ಈಗ ಮಿಜೋರಾಂ ತಿನ್ನುವ ಅಕ್ಕಿಯ ಬಹುಪಾಲು ಹೊರಗಿನಿಂದ ಬರುತ್ತದೆ. ತಾನೇ ಕುಟ್ಟಿದ ಅಕ್ಕಿಯ ಹಿಡಿಗೂ ಅಂಗಡಿಯಿಂದ ತಂದ ಅಕ್ಕಿಯ ಹಿಡಿಗೂ ಮನಸ್ಸಿನಲ್ಲಿ ವ್ಯತ್ಯಾಸ ಇರಬಹುದು. ಆದರೂ ಕೈ ಮಾತ್ರ ಅದೇ ಕೆಲಸ ಮಾಡುತ್ತಿದೆ.

ಇಲ್ಲಿ ಮಾಡುವುದಾದರೆ

ನಮ್ಮಲ್ಲಿ ಇದಕ್ಕೆ ನೆಂಟಸ್ತನ ಇರುವ ರೂಢಿಗಳು ಬೇಕಾದಷ್ಟಿವೆ. ದಕ್ಷಿಣ ಕನ್ನಡ, ಉಡುಪಿ ಕಡೆ ದೇವಸ್ಥಾನದ ಬ್ರಹ್ಮಕಲಶೋತ್ಸವ ಬಂತೆಂದರೆ ಹೊರೆಕಾಣಿಕೆ ಮೆರವಣಿಗೆ. ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿ ಗಾಡಿಗಟ್ಟಲೆ ಬರುತ್ತದೆ. ಸಭೆಗಳಲ್ಲಿ ಸುಗ್ಗಿ ಹಬ್ಬ. ಕುಂಬಳಕಾಯಿ, ಬಾಳೆಗೊನೆ, ಕೋಳಿ, ಮನೆಯಲ್ಲಿ ಮಾಡಿದ ತಿಂಡಿ ತಂದು ಹರಾಜು ಹಾಕುತ್ತಾರೆ. ಒಂದು ತೆಂಗಿನಕಾಯಿ ಸಾವಿರ ರೂಪಾಯಿಗೂ ಹೋಗುತ್ತದೆ, ಕೊಂಡವರು ಮತ್ತೆ ಹರಾಜಿಗೇ ಕೊಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಮಠದ ಜೋಳಿಗೆ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಕಾಳು ಕೂಡಿಸಿ ಬಡ ಹುಡುಗರಿಗೆ ಅನ್ನ ಹಾಕಿದರು. ಜೋಳಿಗೆಯಲ್ಲಿ ಸ್ವಾಮಿಗಳು ಮನೆಗೆ ಬರುತ್ತಾರೆ. ಹೊರೆಕಾಣಿಕೆ, ಸುಗ್ಗಿ ಹಬ್ಬ ವರ್ಷಕ್ಕೊಮ್ಮೆ ಅಥವಾ ಇನ್ನೂ ಅಪರೂಪಕ್ಕೆ. ದಿನದಿನದ್ದು, ನೆರೆಯವರೇ ಕೂಡಿಸುವಂಥದ್ದು ನಮ್ಮಲ್ಲಿ ಕಡಿಮೆ. ಮಿಜೋ ಪ್ರಕರಣದಿಂದ ತೆಗೆದುಕೊಳ್ಳಬೇಕಾದದ್ದು ಆ ಭಾಗವನ್ನು.

ಆದರೆ ಹಾಗೇ ಎತ್ತಿ ತಂದರೆ ತೊಂದರೆ ಇದೆ. ಮೊದಲ ತೊಂದರೆ ಪಡಿತರ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಬೇಯುವುದು ಅನ್ನಭಾಗ್ಯದ ಅಕ್ಕಿ. ಪಡಿತರದ ಅಕ್ಕಿಯನ್ನು ಮಾರುವುದು ಕಾನೂನಿಗೆ ವಿರುದ್ಧ. ಅದನ್ನು ಕೂಡಿಸಿ ಮಾರಿದರೆ ಒಳ್ಳೆಯ ಉದ್ದೇಶ ಅಂತ ಯಾರೂ ಬಿಡುವುದಿಲ್ಲ. ಹಾಗಾಗಿ ಅಂಥ ಮನೆಗಳಿಂದ ಅಕ್ಕಿ ಬೇಡ. ಬೇಳೆ, ಕಡಲೆ, ತೋಟದ ತೆಂಗಿನಕಾಯಿ, ಕೋಳಿ ಮೊಟ್ಟೆ, ಸ್ವಂತ ಹೊಲದ ರಾಗಿ, ಜೋಳ ಏನಾದರೂ ಆಗಬಹುದು.

ಎರಡನೆಯದು ಬೆರಕೆ. 60 ಮನೆಗಳಿಂದ ಸೋನಾ ಮಸೂರಿಯೂ ಬರುತ್ತದೆ, ಕುಚ್ಚಲಕ್ಕಿಯೂ ಬರುತ್ತದೆ, ನುಚ್ಚೂ ಬರುತ್ತದೆ. ಬೆರೆತ ಅಕ್ಕಿಗೆ ಅಂಗಡಿಯವರು ಒಳ್ಳೆಯ ಬೆಲೆ ಕೊಡುವುದಿಲ್ಲ. ಕುಚ್ಚಲಕ್ಕಿಗೆ ಬೇರೆ ಚೀಲ ಇಡಿ. ಬೆಳ್ತಿಗೆ, ಅಂದರೆ ಕುದಿಸದ ಬಿಳಿ ಅಕ್ಕಿ, ಬೆರೆತರೆ ಚಿಂತೆ ಬೇಡ, ಮಿಲ್ಲಿಗೆ ಕೊಟ್ಟು ಹಿಟ್ಟು ಮಾಡಿಸಿ. ರೊಟ್ಟಿಗೆ, ಚಕ್ಕುಲಿಗೆ, ನಿಪ್ಪಟ್ಟಿಗೆ ಹೋಗುತ್ತದೆ. ಹಿಟ್ಟಿಗೆ ಅಕ್ಕಿಗಿಂತ ಜಾಸ್ತಿ ಬೆಲೆ. ಸಭೆಯವರೇ ಕೊಂಡರೆ ಇನ್ನೂ ಸುಲಭ. ಹೊರಗೆ ವ್ಯಾಪಾರವಾಗಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿಕೊಳ್ಳಿ.

ಹುಳು ಬೀಳುವುದು ಇನ್ನೊಂದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಡಬ್ಬಿಯಲ್ಲಿ ಬಿಟ್ಟರೆ ಅಕ್ಕಿ ಕೆಡುತ್ತದೆ. ವಾರಕ್ಕೊಮ್ಮೆ ಎತ್ತಲೇಬೇಕು. ಬಿಗಿ ಮುಚ್ಚಳದ ಡಬ್ಬಿ, ನಾಲ್ಕು ಒಣ ಬೇವಿನ ಎಲೆ. ಎತ್ತಿದ ದಿನವೇ ಇಬ್ಬರ ಎದುರಿಗೆ ತೂಕ ಮಾಡಿ, ಇಬ್ಬರ ಸಹಿ ಹಾಕಿಸಿ. ಹಣವನ್ನು ಸಂಘದ ಬ್ಯಾಂಕ್ ಖಾತೆಗೆ ಹಾಕಿ, ಒಬ್ಬರ ಮನೆಯ ಬೀರುವಿನಲ್ಲಿ ಇಡಬೇಡಿ.

ಪೇಟೆಯವರು ಕೇಳುವುದುಂಟು, ಅಕ್ಕಿಯ ಬದಲು ಊಟಕ್ಕೆ ಎರಡು ರೂಪಾಯಿಯಂತೆ ಫೋನಿನಲ್ಲೇ ಕಳಿಸಿದರೆ ಆಗದಾ ಅಂತ. ಆಗುತ್ತದೆ, ಲೆಕ್ಕ ಇನ್ನೂ ಅಚ್ಚುಕಟ್ಟು. ಆದರೆ ದಿನಾ ಕೈಯಿಂದ ತೆಗೆದಿಡುವ ಕೆಲಸ ಹೋಗಿ ತಿಂಗಳಿಗೊಂದು ಕಂತು ಆಗುತ್ತದೆ, ಮನೆಗೆ ಬರುವ ನೆರೆಯವಳೂ ಇಲ್ಲವಾಗುತ್ತಾಳೆ. ಆಗ ಅದು ಮತ್ತೆ ಹಳೆಯ ಚಂದಾ. ಫೋನ್ ಬೇಕಾದರೆ ಕೊನೆಗೆ ಬರಲಿ. ಮನೆಯಲ್ಲಿ ಡಬ್ಬಿ ಇರಲಿ, ಅದಕ್ಕೆ ನಾಣ್ಯವೇ ಬೀಳಲಿ, ವಾರಕ್ಕೊಮ್ಮೆ ಒಬ್ಬರು ಬಂದು ಎಣಿಸಿಕೊಂಡು ಹೋಗಲಿ.

ಉದ್ದೇಶವನ್ನು ಶುರುವಿನಲ್ಲೇ ಒಂದೇ ಒಂದಕ್ಕೆ ಕಟ್ಟಿ. "ಸಂಘದ ಅಭಿವೃದ್ಧಿಗೆ" ಅಂದರೆ ಯಾರ ಕೈಯೂ ಏಳುವುದಿಲ್ಲ. ಮೂವರು ಮಕ್ಕಳ ಕಾಲೇಜು ಫೀಸು, ದೇವಾಲಯದ ಸೋರುವ ಮಾಡು, ಹಾಸಿಗೆ ಹಿಡಿದ ಹಿರಿಯರ ಔಷಧಿ, ಹೀಗೆ ಕಣ್ಣಿಗೆ ಕಾಣುವಂಥದ್ದು ಇರಲಿ. ಅದು ಯಾವುದು ಅಂತ ತೀರ್ಮಾನಿಸುವ ಕೂಟದಲ್ಲಿ ಅಕ್ಕಿ ಕೂಡಿಸಿದ ಹೆಂಗಸರೇ ಅರ್ಧಕ್ಕಿಂತ ಜಾಸ್ತಿ ಇರಬೇಕು, ಬ್ಯಾಂಕಿನ ಸಹಿಯಲ್ಲಿ ಒಂದು ಅವರದ್ದಾಗಬೇಕು. ಈ ನಿಯಮವನ್ನು ಮೊದಲ ಚೀಲ ತುಂಬುವ ಮುಂಚೆಯೇ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ. ಹಣ ಬಂದ ಮೇಲೆ ಬರೆಸುವುದು ಬಹಳ ಕಷ್ಟ.